ಮಂಗಳೂರ ನವರಾತ್ರಿಯ ಹುಲಿವೇಷವೂ ತಾಸೆಯ ನಾದವೂ

ನೇತ್ರಾವತಿ ಫಲ್ಗುಣಿಗಳೆಂಬ ಎರಡು ನದಿಗಳು ಒಂದುಗೂಡಿ ಪಶ್ಚಿಮ ಸಮುದ್ರವನ್ನು ಸೇರುವಲ್ಲಿ ಮಂಗಳೂರು ಪಟ್ಟಣವು ನೆಲಸಿರುವುದು. ಬೋಳಾರದ ಮಂಗಳಾದೇವಿಯಿಂದ ಊರಿಗೆ ಈ ಹೆಸರು ಬಂದಿತೆಂದು ಪ್ರತೀತಿಯುಂಟು. ತುಳುವರು ಇದನ್ನು ಕುಡ್ಲವೆನ್ನುವರು; ಕೊಂಕಣಿಗರಿಗೆ ಇದು ಕೊಡಿಯಾಲ; ಬ್ಯಾರಿಗಳಿಗೆ ಮೈಕಾಲ. ಒಂದು ಊರಿಗೇ ನಾಲ್ಕು ಹೆಸರುಗಳಿರುವಲ್ಲಿ ಅಲ್ಲಿಯ ಹಬ್ಬವೊಂದಕ್ಕೆ ಒಂದೇ ಮೂಲವನ್ನು ಅರಸಹೊರಡುವುದು ಸಾಹಸವೇ ಸರಿ. ಆದರೂ ಆಶ್ವಯುಜ ಶುದ್ಧ ಪಾಡ್ಯದಿಂದ ದಶಮಿಯ ವರೆಗೆ ಈ ಪಟ್ಟಣದ ಓಣಿ ಓಣಿಗಳಲ್ಲಿ ಮೊಳಗುವ ತಾಸೆಯ ನಾದವನ್ನೂ, ಆ ನಾದಕ್ಕೆ ಹೆಜ್ಜೆಯಿಕ್ಕುವ ಹುಲಿವೇಷವನ್ನೂ ಕಂಡವರಿಗೆ ಇವು ಎಲ್ಲಿಂದ ಬಂದವು, ಯಾರಿಂದ ಬಂದವು, ಇವುಗಳ ಭಾರವನ್ನು ಹೊತ್ತವರು ಯಾರು ಎಂಬ ಜಿಜ್ಞಾಸೆಯು ಹುಟ್ಟದೆ ಇರದು.

ಮೊದಲು ಕಾಲದ ಮಾತು. ಜ್ಯೇಷ್ಠದಿಂದ ಭಾದ್ರಪದದ ವರೆಗೆ ನೈರುತ್ಯದ ಮಳೆಗಾಳಿಯು ಈ ತೀರವನ್ನು ಹೊಡೆಯುತ್ತಿರುವುದು. ಹಾಯಿಹಡಗುಗಳ ದಿನಗಳಲ್ಲಿ ಈ ತಿಂಗಳುಗಳಲ್ಲೆಲ್ಲ ಹಳೆಯ ಬಂದರು ಮುಚ್ಚಿದಂತೆಯೇ ಇರುತ್ತಿತ್ತು. ಮಳೆ ಹಿಂದೆಗೆದು ಕಡಲು ತಿಳಿಯಾಗುವಾಗ ಪತ್ತೆಮಾರಿಗಳು ಹಾಯಿಯೆತ್ತುವುವು. ಹಮಾಲರ ಕೈಗೆ ಕೆಲಸವೂ ಕಾಸೂ ಬರುವುವು. ಗದ್ದೆಗಳಲ್ಲಿ ಏಣೆಲು ಬೆಳೆಯು ಮಾಗಿ ಮನೆಮನೆಗೆ ಹೊಸ ತೆನೆಯು ಬರುವುದು. ನವರಾತ್ರಿಯು ಬರುವುದು ಸರಿಯಾಗಿ ಈ ಸಂಧಿಯಲ್ಲಿ. ನಾಲ್ಕು ತಿಂಗಳು ಮಾಡಿನ ಕೆಳಗೆ ಕುಳಿತಿದ್ದ ಊರು ಬೀದಿಗಿಳಿಯುವುದಕ್ಕೆ ಇದಕ್ಕಿಂತ ಯೋಗ್ಯವಾದ ಹೊತ್ತು ಬೇರೆಯಿಲ್ಲ. ಶಾಸ್ತ್ರವು ಶರದೃತುವನ್ನು ದೇವೀಪೂಜೆಗೆ ವಿಧಿಸಿತು. ಕಡಲು ಅದಕ್ಕೆ ಅನುಮತಿಯನ್ನು ಕೊಟ್ಟಿತು.

ಹುಲಿವೇಷದ ಮೇಳಗಳು ಹರಕೆ ಸಲ್ಲಿಸುವ ಗುಡಿಗಳಲ್ಲಿ ಮಂಗಳಾದೇವಿಯದೇ ಹಿರಿಯದು. ರಥಬೀದಿಯ ವೆಂಕಟರಮಣ ದೇವಸ್ಥಾನದ ಬಳಿಯ ಆಚಾರ್ಯ ಮಠದ ಶಾರದೋತ್ಸವವು ೧೯೨೨ರಲ್ಲಿ ಆರಂಭವಾಯಿತು. ಕುದ್ರೋಳಿಯ ಗೋಕರ್ಣನಾಥನ ಸನ್ನಿಧಿಯು ಇವೆರಡಕ್ಕಿಂತ ಭಿನ್ನವಾದ ಕಾರಣದಿಂದ ಹುಟ್ಟಿತು. ಅದನ್ನು ಮುಂದೆ ಹೇಳಬೇಕಾಗಿದೆ.

ಹಳಗನ್ನಡದಲ್ಲಿ ಪುಲಿಯೆಂದಿದ್ದುದು ನಡುಗನ್ನಡದಲ್ಲಿ ಹುಲಿಯಾಯಿತು. ತುಳುವಿನಲ್ಲಿ ಅದು ಪಿಲಿ. ಆದುದರಿಂದ ಈ ವೇಷಕ್ಕೆ ತುಳುವರು ಪಿಲಿವೇಷವೆಂದೂ ಅದರ ಕುಣಿತಕ್ಕೆ ಪಿಲಿನಲಿಕೆಯೆಂದೂ ಹೇಳುವರು. ಹುಲಿಯು ದುರ್ಗೆಯ ವಾಹನವಾದುದರಿಂದ ದೇವಿಯ ಉತ್ಸವದಲ್ಲಿ ಹುಲಿಯಾಗಿ ಕುಣಿಯುವರೆಂಬುದು ಎಲ್ಲರೂ ಹೇಳುವ ಸಮಾಧಾನ. ಇದರಲ್ಲಿ ಒಂದು ತೊಡಕುಂಟು. ದೇವೀಮಾಹಾತ್ಮ್ಯವನ್ನು ಪಾರಾಯಣ ಮಾಡುವವರಿಗೆಲ್ಲ ತಿಳಿದಿರುವಂತೆ, ಮಹಿಷನನ್ನು ಕೊಲ್ಲಹೊರಟ ದೇವಿಗೆ ದೇವತೆಗಳು ತಮ್ಮ ತಮ್ಮ ಆಯುಧಗಳನ್ನೂ ಆಭರಣಗಳನ್ನೂ ಕೊಟ್ಟಾಗ ಹಿಮವಂತನು ಕೊಟ್ಟ ವಾಹನವು ಸಿಂಹ, ಹುಲಿಯಲ್ಲ. ಆ ಗ್ರಂಥದಲ್ಲಿ ಮಹಿಷನ ಸೇನೆಯನ್ನು ಕೆದರಿ ಕೆಡಹುವುದೂ ಸಿಂಹವೇ. ಹಾಗಿದ್ದರೂ ತುಳುನಾಡಿನ ಜನರು ಸಿಂಹವನ್ನು ಬಿಟ್ಟು ಹುಲಿಯನ್ನು ಹಿಡಿದುದಕ್ಕೆ ಕಾರಣವು ಸ್ಪಷ್ಟವಾಗಿದೆ. ಸಹ್ಯಾದ್ರಿಯ ಅಡವಿಯಲ್ಲಿ ಸಿಂಹವಿರಲಿಲ್ಲ, ಹುಲಿಯಿತ್ತು. ಅದು ಕೊಟ್ಟಿಗೆಯ ಹಸುವನ್ನು ಒಯ್ಯುತ್ತಿತ್ತು. ಗುಡ್ಡಕ್ಕೆ ಸೊಪ್ಪಿಗೆ ಹೋದವರನ್ನು ಬೆದರಿಸುತ್ತಿತ್ತು. ಪೋಥಿಯಲ್ಲಿರುವ ಮೃಗಕ್ಕಿಂತ ಹಿತ್ತಿಲಿನಲ್ಲಿ ಹೆಜ್ಜೆಯೂರಿದ ಮೃಗವೇ ಜನರ ಭಯಭಕ್ತಿಗಳಿಗೆ ಹತ್ತಿರವಾದುದು ಸಹಜ.

ಈ ಭಯಭಕ್ತಿಗೆ ನವರಾತ್ರಿಗಿಂತ ಹಳೆಯದೆಂದು ತೋರುವ ಸಾಕ್ಷಿಯು ಭೂತಾರಾಧನೆಯಲ್ಲಿ ದೊರೆಯುವುದು. ತುಳುನಾಡಿನ ದೈವಗಳಲ್ಲಿ ಪಿಲಿಚಾಮುಂಡಿಯು ಪ್ರಸಿದ್ಧಳು. ಕಡಲದಂಡೆಯ ಕಾಪುವಿನಲ್ಲಿ ನಡೆಯುವ ಪಿಲಿಕೋಲದಲ್ಲಿ ಹುಲಿಯ ಬಣ್ಣ ತೊಟ್ಟ ಪಾತ್ರಿಯು ಜನಸಂದಣಿಯನ್ನು ಅಟ್ಟಿಸಿಕೊಂಡು ಹೋಗುವನು. ಜನರು ಅವನ ಕೈಗೆ ಸಿಕ್ಕದಂತೆ ನಿಜವಾಗಿಯೂ ಓಡುವರು. ಅಲ್ಲಿ ವಿನೋದವಿಲ್ಲ. ಮಂಗಳೂರ ಬೀದಿಯ ಹುಲಿಯಾದರೋ ಮಕ್ಕಳನ್ನು ಹೆದರಿಸಿ ನಗಿಸುವುದು, ಅಂಗಡಿಯ ಮುಂದೆ ಕುಣಿದು ಕಾಣಿಕೆಯನ್ನು ಪಡೆಯುವುದು. ಕೋಲದ ಹುಲಿಯಿಂದ ಬೀದಿಯ ಹುಲಿಯ ವರೆಗೆ ಬಂದ ಹಾದಿಯಲ್ಲಿ ಮತ್ತಾವುದೋ ಕೈ ಸೇರಿರಬೇಕು.

ಆ ಕೈಯನ್ನು ಅರಸುವ ಮೊದಲು ಕುಣಿತವನ್ನು ನೋಡೋಣವಾಗಲಿ. ಒಂದು ಮೇಳದಲ್ಲಿ ಐದಾರರಿಂದ ಹತ್ತರ ವರೆಗೆ ವೇಷಗಳಿರುವುದು ಹಿಂದಿನ ವಾಡಿಕೆ. ಮೈಮೇಲೆ ಉದ್ದನೆಯ ಗೆರೆಗಳುಳ್ಳದು ಪಟ್ಟೆಪಿಲಿ, ಚುಕ್ಕೆಗಳುಳ್ಳದು ಚಿಟ್ಟೆಪಿಲಿ, ಕಪ್ಪು ಬಣ್ಣದ್ದು ಕರಿಪಿಲಿ. ಹುಲಿಯು ಹೊಂಚುವುದು, ಮೈಮುರಿಯುವುದು, ಬೇಟೆಯನ್ನು ಕಂಡು ನೆಲಕ್ಕೆ ಅಂಟುವುದು, ಹಾರುವುದು, ಎರಡು ಹುಲಿಗಳು ಕಾದುವುದು, ತಾಯಿಹುಲಿಯು ಮರಿಯನ್ನು ಆಡಿಸುವುದು ಇವೆಲ್ಲ ಕುಣಿತದ ಅಂಗಗಳು. ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ ನೆಲದ ಮೇಲಿಟ್ಟ ನೋಟನ್ನು ಹಲ್ಲಿನಿಂದ ಎತ್ತಿಕೊಳ್ಳುವುದೂ ಉಂಟು.

ಇವೆಲ್ಲಕ್ಕೂ ಮಿಗಿಲಾದುದು ಅಕ್ಕಿಮುಡಿಯನ್ನು ಎತ್ತುವ ಪಂದ್ಯ. ಬೈಹುಲ್ಲಿನಿಂದ ಉರುಟಾಗಿ ಕಟ್ಟಿ ಹುಲ್ಲಿನ ಹಗ್ಗದಿಂದ ಬಿಗಿದ ೪೨ ಸೇರು ಅಕ್ಕಿಯ ಮೂಟೆಗೆ ದಕ್ಷಿಣ ಕನ್ನಡದಲ್ಲಿ ಮುಡಿಯೆಂದು ಹೆಸರು. ವೇಷಧಾರಿಯು ಇದನ್ನು ಹಲ್ಲಿನಿಂದ ಕಚ್ಚಿ ಎತ್ತಿ ತಲೆಯ ಮೇಲಿನಿಂದ ಹಿಂದಕ್ಕೆ ಎಸೆಯಬೇಕು. ಅಡವಿಯ ಹುಲಿಯು ಅಕ್ಕಿಯನ್ನು ಕಚ್ಚಿದ ಸಂಗತಿಯು ಯಾವ ಬೇಟೆಗಾರನ ಬಾಯಿಯಿಂದಲೂ ಬಂದುದಲ್ಲ. ಬೇಟೆಯನ್ನು ಕಚ್ಚಿ ಹೆಗಲ ಮೇಲಕ್ಕೆ ಎಸೆದುಕೊಳ್ಳುವ ಹುಲಿಯ ಶಕ್ತಿಯನ್ನು ತೋರಿಸುವುದೇ ಉದ್ದೇಶವಾದರೂ, ಮುಡಿಯೇ ಏಕೆ ಎಂಬುದಕ್ಕೆ ಉತ್ತರವು ಬಂದರಿನಲ್ಲಿದೆ. ಈ ತೀರದ ಅಕ್ಕಿಯು ಶತಮಾನಗಳ ಕಾಲ ಮಂಗಳೂರಿನಿಂದ ಗೋವೆಗೂ ಅರಬದೇಶದ ಬಂದರುಗಳಿಗೂ ಹೋಗುತ್ತಿತ್ತು. ಅದನ್ನು ದೋಣಿಗೆ ಸಾಗಿಸಿದ್ದು ಹಮಾಲರ ಬೆನ್ನು. ವರ್ಷವೆಲ್ಲ ಬೆನ್ನಿನ ಮೇಲೆ ಹೊತ್ತುದನ್ನು ಹಬ್ಬದ ದಿನ ಹಲ್ಲಿನಿಂದ ಕಚ್ಚಿ ಎಸೆಯುವುದರಲ್ಲಿ ಒಂದು ಹಮ್ಮು, ಒಂದು ಪ್ರತೀಕಾರ ಅಡಗಿರುವುದೆಂದು ತರ್ಕಿಸಿದರೆ ಅತಿಯಾಗದು. ಬಂದರಿನ ಕೂಲಿಕಾರರು, ಬೆಸ್ತರು, ಹೆಂಚಿನ ಕಾರ್ಖಾನೆಯ ಆಳುಗಳು ಇವರೇ ಈ ವೇಷಕ್ಕೆ ಮೈಕೊಟ್ಟವರು. ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಜೆಪ್ಪುವಿನಲ್ಲಿ ಮೊದಲನೆಯ ಹೆಂಚಿನ ಕಾರ್ಖಾನೆಯನ್ನು ಹೂಡಿದ ತರುವಾಯ ನೇತ್ರಾವತಿಯ ದಡದಲ್ಲಿ ಅಂಥವು ಹಲವಾದವು. ಜೆಪ್ಪು, ಬೋಳಾರಗಳ ಓಣಿಗಳು ಕೂಲಿಯವರಿಂದ ತುಂಬಿದವು. ಮಂಗಳಾದೇವಿಯ ಗುಡಿಯಿರುವುದೂ ಆ ಓಣಿಗಳ ನಡುವೆಯೇ.

ಮೈಕೊಡುವುದು ಎಂದುದು ಬರಿಯ ಮಾತಿನ ರೀತಿಯಲ್ಲ. ವೇಷ ಕಟ್ಟುವವನು ಮೊದಲು ಮೈಯ ರೋಮವನ್ನೆಲ್ಲ ತೆಗೆಯಿಸಬೇಕು. ಬಳಿಕ ಅಡಿಬಣ್ಣ, ಅದು ಆರಿದ ಮೇಲೆ ಹಳದಿ, ಅದೂ ಆರಿದ ಮೇಲೆ ಕಪ್ಪು ಗೆರೆಗಳು. ಹಸಿ ಬಣ್ಣದ ಮೇಲೆ ಕುರಿಯ ರೋಮವನ್ನು ಊದಿ ಅಂಟಿಸುವುದೂ ಉಂಟು. ಇದರಿಂದ ತೊಗಲು ನಿಜವಾದ ಹುಲಿಯ ತೊಗಲಿನಂತೆ ನಯವಾಗಿ ತೋರುವುದು. ಒಂದೊಂದು ಬಣ್ಣವೂ ಆರುವ ವರೆಗೆ ಕುಳಿತುಕೊಳ್ಳುವಂತಿಲ್ಲ, ಮಲಗುವಂತಿಲ್ಲ. ಕೈಗಳನ್ನು ಕೋಲುಗಳಿಗೆ ಆನಿಸಿ ಚಾಚಿಕೊಂಡು ಇರುಳೆಲ್ಲ ನಿಂತಿರಬೇಕು. ಎಣ್ಣೆಬಣ್ಣವು ಬಳಕೆಗೆ ಬಂದಮೇಲೆ ವೇಷವು ಹೊಳೆಯಿತು. ಆದರೆ ಅದನ್ನು ಬಳಿದ ಚರ್ಮಕ್ಕೆ ಬೆವರಲು ದಾರಿಯಿಲ್ಲದಾಯಿತು. ಆಶ್ವಯುಜದ ಬಿಸಿಲಿನಲ್ಲಿ, ಕಾದ ಬೀದಿಯ ಮೇಲೆ, ಈ ಕವಚವನ್ನು ತೊಟ್ಟು ದಿನವೆಲ್ಲ ಕುಣಿಯುವುದು ಆಟವೆಂದು ಕರೆಯಿಸಿಕೊಂಡರೂ ತಪಸ್ಸಿಗೆ ಹತ್ತಿರವಾದುದು. ಮಗುವಿಗೆ ಜ್ವರ ಬಿಟ್ಟರೆ, ಮನೆಯ ಕಷ್ಟ ಕಳೆದರೆ ಇಂತಿಷ್ಟು ವರ್ಷ ಹುಲಿವೇಷ ಹಾಕುವೆನೆಂದು ಹರಕೆ ಹೊರುವವರೇ ಬಹುಮಂದಿಯಿದ್ದುದರಿಂದ ಅವರಿಗೂ ಅದು ಹಾಗೆಯೇ ಕಂಡಿರಬೇಕು.

ಇನ್ನು ವಾದ್ಯ. ಭರತಮುನಿಯು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರವೆಂದು ನಾಲ್ಕು ಬಗೆಯಾಗಿ ವಿಂಗಡಿಸಿದನು. ತಾಸೆಯು ಅವನದ್ಧ, ಎಂದರೆ ತೊಗಲು ಹೊದಿಸಿದ ವಾದ್ಯ. ಬೋಗುಣಿಯಂಥ ಆಳವಿಲ್ಲದ ಪಾತ್ರೆಯ ಬಾಯಿಗೆ ತೊಗಲನ್ನು ಬಿಗಿದು, ಕೊರಳಿನಿಂದ ಹೊಟ್ಟೆಯ ಮುಂದೆ ತೂಗಹಾಕಿಕೊಂಡು, ಎರಡು ಸಣ್ಣ ಕಡ್ಡಿಗಳಿಂದ ಬಾರಿಸುವರು. ಅದರ ಧ್ವನಿಯು ತೀಕ್ಷ್ಣವಾದುದು, ಒತ್ತೊತ್ತಾದುದು. ಜತೆಗಿರುವ ಡೋಲು ಗಂಭೀರವಾಗಿ ಕಾಲವನ್ನು ಹಿಡಿದರೆ ತಾಸೆಯು ಅದರ ಮೇಲೆ ಆಲಿಕಲ್ಲಿನ ಮಳೆಯನ್ನು ಸುರಿಸುವುದು. ತುಳುನಾಡಿನಲ್ಲಿ ಹುಟ್ಟಿ ಬೆಳೆದವನಿಗೆ ಈ ಪೆಟ್ಟು ಕಿವಿಗೆ ಬಿದ್ದೊಡನೆ ಕಾಲು ತಾನಾಗಿ ಅಲುಗುವುದೆಂಬ ಮಾತು ಉತ್ಪ್ರೇಕ್ಷೆಯಲ್ಲ.

ಆದರೆ ತಾಸೆಯೆಂಬ ಶಬ್ದವು ತುಳುವಲ್ಲ, ಕನ್ನಡವಲ್ಲ, ಸಂಸ್ಕೃತದಿಂದ ಬಂದುದೂ ಅಲ್ಲ. ಫಾರಸಿಯಲ್ಲಿ ತಾಸವೆಂದರೆ ಬಟ್ಟಲು. ಬಟ್ಟಲಿನ ಆಕಾರದ ವಾದ್ಯಕ್ಕೆ ಬಟ್ಟಲಿನ ಹೆಸರೇ ನಿಂತಿತು. ಹಿಂದುಸ್ಥಾನದಲ್ಲಿ ಅದು ತಾಶಾ ಎನಿಸಿತು. ಬಯಲುಸೀಮೆಯ ಕನ್ನಡಿಗರು ಗಂಟೆಯ ಹೊತ್ತಿಗೆ ಹೇಳುವ ತಾಸು ಎಂಬ ಮಾತೂ ಇದೇ ಮೂಲದ್ದೆಂದು ತೋರುತ್ತದೆ. ಲೋಹದ ತಟ್ಟೆಯನ್ನು ಬಡಿದು ಹೊತ್ತನ್ನು ಸಾರುತ್ತಿದ್ದ ಕಾಲದ ನೆನಪು ಅದರಲ್ಲಿ ಉಳಿದಿದೆ. ಹೀಗೆ ಧಾರವಾಡದವನ ಗಡಿಯಾರವೂ ಮಂಗಳೂರವನ ಹಬ್ಬವೂ ಒಂದೇ ಬಟ್ಟಲಿನ ನಾದದಿಂದ ಹೊರಟುವು.

ಮಂಗಳೂರಿಗೆ ಫಾರಸಿಯು ಹೊಸತಲ್ಲ. ಕ್ರಿ. ಶ. ೧೩೪೨ರ ಸುಮಾರಿಗೆ ಈ ತೀರದಲ್ಲಿ ಸಂಚರಿಸಿದ ಇಬ್ನ್ ಬತೂತನು ಮಂಜರೂರೆಂದು ಈ ಪಟ್ಟಣವನ್ನು ಕರೆದು, ಫಾರಸ ಯಮನ ದೇಶಗಳ ವರ್ತಕರಲ್ಲಿ ಬಹುಮಂದಿ ಇಲ್ಲಿ ಬಂದಿಳಿಯುವರೆಂದೂ, ಊರ ಮಗ್ಗುಲಲ್ಲಿ ಸುಮಾರು ೪೦೦೦ ಮುಸಲ್ಮಾನರು ನೆಲಸಿರುವರೆಂದೂ ಬರೆದಿಟ್ಟನು. ಇಷ್ಟರಿಂದಲೇ ತಾಸೆಯು ಅವರ ಹಡಗಿನಲ್ಲಿ ಬಂದಿತೆಂದು ಹೇಳುವುದು ಅವಸರವಾದೀತು. ಘಟ್ಟದ ಮೇಲಿನ ಸುಲ್ತಾನರ ದಂಡುಗಳಿಗೂ ಈ ವಾದ್ಯವು ಬೇಕಾಗಿತ್ತು. ಪುಣೆಯ ಗಣೇಶೋತ್ಸವದಲ್ಲಿ ಢೋಲು ತಾಶೆಗಳ ಮೇಳವಿಲ್ಲದೆ ಮೆರವಣಿಗೆಯು ಹೊರಡದು. ಅಲ್ಲಿಗೆ ಕಡಲು ಹತ್ತಿರವೂ ಅಲ್ಲ. ವಾದ್ಯದ ಹೆಸರೊಂದೇ ಸಾಕ್ಷಿಯಾಗಲಾರದು.

ಇನ್ನೊಂದು ಸಾಕ್ಷಿಯುಂಟು, ಅದು ಇದಕ್ಕಿಂತ ಬಲವಾದುದು. ಬಣ್ಣಕ್ಕೆ ಕೂಡುವ ಮುಂಚಿನ ದಿನ ಮೇಳದವರೆಲ್ಲ ಸೇರಿ ಹುಲಿಯ ಮುಖ, ಬಾಲ, ವಾದ್ಯಗಳನ್ನು ಇಟ್ಟು ಧೂಪ ಹಾಕಿ ಪೂಜಿಸುವರು. ಈ ಕರ್ಮಕ್ಕೆ ಊದು ಪೂಜೆಯೆಂದು ಹೆಸರು. ಧೂಪ, ಅಗರು, ಗುಗ್ಗುಳವೆಂಬ ಸಂಸ್ಕೃತ ಶಬ್ದಗಳು ಕೈಯ ಬಳಿಯಲ್ಲಿಯೇ ಇರುವಾಗ ದೇವಿಯ ಹರಕೆಯ ಮೊದಲ ಕರ್ಮಕ್ಕೆ ಊದು ಎಂಬ ಹೆಸರು ಬಂದುದೇಕೆ? ಅರಬಿಯಲ್ಲಿ ಊದ್ ಎಂದರೆ ಕಟ್ಟಿಗೆ. ವಿಶೇಷವಾಗಿ ಸುವಾಸನೆಗೆ ಸುಡುವ ಅಗರಿನ ಕಟ್ಟಿಗೆ. ದಕ್ಷಿಣದೇಶದ ಮುಸಲ್ಮಾನರು ದರ್ಗಾಗಳಲ್ಲಿಯೂ ಮೊಹರಮ್ಮಿನ ಪಂಜಾಗಳ ಮುಂದೆಯೂ ಹಾಕುವ ಧೂಪವು ಊದೇ. ಮೊಹರಮ್ಮಿಗೂ ಹುಲಿವೇಷಕ್ಕೂ ಇರುವ ನಂಟಾದರೋ ಕನ್ನಡನಾಡಿನಲ್ಲಿ ಸುಪ್ರಸಿದ್ಧ. ಬಳ್ಳಾರಿ ರಾಯಚೂರುಗಳ ಸೀಮೆಯಲ್ಲಿ ಹಿಂದುಗಳೇ ಹರಕೆ ಹೊತ್ತು ಅಲಾವಿಯ ಕಾಲಕ್ಕೆ ಹುಲಿಬಣ್ಣ ಬಳಿದುಕೊಳ್ಳುವರು. ಜಾಫರ್ ಶರೀಫನೆಂಬವನು ದಖನಿ ಮುಸಲ್ಮಾನರ ಆಚಾರಗಳನ್ನು ಕುರಿತು ಬರೆದ ಗ್ರಂಥವು ಹರ್ಕ್ಲಾಟ್ಸ್ ಎಂಬ ವೈದ್ಯನಿಂದ ಇಂಗ್ಲಿಷಿಗೆ ಭಾಷಾಂತರಗೊಂಡು ೧೮೩೨ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮೊಹರಮ್ಮಿನ ಬಗೆಬಗೆಯ ವೇಷಗಳನ್ನು ಎಣಿಸುವಾಗ ಅದು ಹುಲಿಯನ್ನೂ ಎಣಿಸಿದೆ.

ಟಿಪ್ಪು ಸುಲ್ತಾನನಿಗೆ ಹುಲಿಯು ಪ್ರಿಯವಾಗಿದ್ದುದು ಲೋಕಪ್ರಸಿದ್ಧ. ಅವನ ಸಿಂಹಾಸನದಲ್ಲಿ ಹುಲಿ, ಸಿಪಾಯಿಗಳ ಅಂಗಿಯಲ್ಲಿ ಹುಲಿಯ ಪಟ್ಟೆ. ೧೭೮೪ರ ಮಾರ್ಚಿ ೧೧ರಂದು ಇಂಗ್ಲಿಷರೊಡನೆ ಅವನ ಕೌಲು ಮಂಗಳೂರಿನಲ್ಲಿಯೇ ಆಯಿತು. ಇದನ್ನು ಹಿಡಿದು ಹುಲಿವೇಷವು ಟಿಪ್ಪುವಿನ ಕಾಲದ ಸೃಷ್ಟಿಯೆಂದು ಹೇಳುವವರುಂಟು. ಇದು ಸುಲಭವಾದ ಉತ್ತರ, ಸುಲಭವಾದುದರಿಂದಲೇ ಸಂಶಯಾಸ್ಪದ. ತೃಶ್ಶೂರಿನಲ್ಲಿ ಓಣಮ್ಮಿನ ಕಾಲಕ್ಕೆ ನಡೆಯುವ ಪುಲಿಕಳಿಯನ್ನು ಅಲ್ಲಿಯವರು ೧೭೯೦ರಿಂದ ೧೮೦೫ರ ವರೆಗೆ ಕೊಚ್ಚಿಯನ್ನು ಆಳಿದ ಶಕ್ತನ್ ತಂಬುರಾನನಿಗೆ ಆರೋಪಿಸುವರು. ಪ್ರತಿಯೊಂದು ಊರೂ ತನ್ನ ಹುಲಿಗೆ ಒಬ್ಬ ಅರಸನನ್ನು ತಂದೆಯನ್ನಾಗಿ ಹುಡುಕುವುದು. ಕೂಲಿಕಾರನನ್ನು ತಂದೆಯೆಂದು ಒಪ್ಪಿಕೊಳ್ಳಲು ಯಾವ ಊರಿಗೂ ಮನಸ್ಸು ಬಾರದು. ಉಡುಪಿಯಲ್ಲಿ ಹುಲಿಗಳು ಕುಣಿಯುವುದು ಕೃಷ್ಣಾಷ್ಟಮಿಯ ವಿಟ್ಲಪಿಂಡಿಯಂದು. ಕೃಷ್ಣನಿಗೆ ಹುಲಿಯು ವಾಹನವೂ ಅಲ್ಲ, ಲಾಂಛನವೂ ಅಲ್ಲ. ದೇವಿಯ ಮುಂದೆ, ಕೃಷ್ಣನ ಮುಂದೆ, ಪಂಜಾದ ಮುಂದೆ ಒಂದೇ ವೇಷವು ಕುಣಿಯುವುದನ್ನು ನೋಡಿದರೆ ವೇಷವೇ ಮೊದಲು, ದೇವರ ಸಂಬಂಧವು ಆಮೇಲೆ ಎಂದು ಹೇಳಬೇಕಾಗುವುದು. ಪಿಲಿಚಾಮುಂಡಿಯ ಹುಲಿಯೂ ಮೊಹರಮ್ಮಿನ ಹುಲಿಯೂ ಬಂದರಿನ ಓಣಿಯಲ್ಲಿ ಎದುರುಬದುರಾದುವು. ಒಂದು ಭಯವನ್ನು ಕೊಟ್ಟಿತು, ಇನ್ನೊಂದು ತಾಸೆಯನ್ನೂ ಊದನ್ನೂ ಕೊಟ್ಟಿತು. ಆಧಾರಗಳನ್ನು ತೂಗಿ ನೋಡಿದರೆ ಇದೇ ಯುಕ್ತವೆಂದು ತೋರುತ್ತದೆ.

ಇಲ್ಲಿ ದೂರದ ಒಂದು ದೃಷ್ಟಾಂತವನ್ನು ಹೇಳದೆ ಮುಂದುವರಿಯುವುದು ಸರಿಯಲ್ಲ. ೧೮೪೫ರ ಮೇ ೩೦ರಂದು ಹಿಂದುಸ್ಥಾನದ ಕೂಲಿಯಾಳುಗಳ ಮೊದಲನೆಯ ಹಡಗು ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪವನ್ನು ಮುಟ್ಟಿತು. ಗಂಗೆಯ ಬಯಲಿನಿಂದ ಕಬ್ಬಿನ ತೋಟಗಳಿಗೆ ಒಯ್ಯಲ್ಪಟ್ಟ ಆ ಜನರ ಸಂಗಡ ತಾಸೆಯೂ ಹೋಯಿತು. ಅಲ್ಲಿ ಅದಕ್ಕೆ ಟಾಸಾ ಎಂದು ಹೆಸರು. ಮಣ್ಣಿನ ಬೋಗುಣಿಗೆ ಆಡಿನ ತೊಗಲನ್ನು ಹೊದಿಸಿ, ಬಾರಿಸುವ ಮೊದಲು ಬೆಂಕಿಗೆ ಹಿಡಿದು ಬಿಗಿಗೊಳಿಸುವರು. ಹೊಸೇ ಎಂದು ಅಲ್ಲಿ ಕರೆಯುವ ಮೊಹರಮ್ಮಿನ ಮೆರವಣಿಗೆಯಲ್ಲಿ ಹಿಂದುಗಳೂ ಮುಸಲ್ಮಾನರೂ ಕೂಡಿಯೇ ನಡೆಯುತ್ತಿದ್ದರು. ೧೮೮೪ರ ಅಕ್ಟೋಬರ್ ೩೦ರಂದು ಸರಕಾರದ ಅಪ್ಪಣೆಯನ್ನು ಮೀರಿ ಸಾನ್ ಫರ್ನಾಂಡೋ ಪಟ್ಟಣವನ್ನು ಹೊಗಲು ಬಂದ ಮೆರವಣಿಗೆಗಳ ಮೇಲೆ ಪೋಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಈಗ ಅದೇ ಟಾಸಾ ಆ ದ್ವೀಪದ ಹಿಂದುಗಳ ಮದುವೆಗಳಲ್ಲಿ ಅನಿವಾರ್ಯವಾದ ಮಂಗಳವಾದ್ಯವಾಗಿದೆ. ಮಂಗಳೂರಿನಲ್ಲಿ ಆದುದೇ ಸಪ್ತಸಮುದ್ರದ ಆಚೆಯೂ ಆಯಿತು. ಬೀದಿಯ ವಾದ್ಯಕ್ಕೆ ಮತವಿಲ್ಲ. ಅದು ಬಾರಿಸುವವನ ಹಸಿವನ್ನೂ ಕುಣಿಯುವವನ ಹುರುಪನ್ನೂ ಮಾತ್ರ ಬಲ್ಲುದು.

ಬಾರಿಸುವವನ ಹಸಿವು ಎಂದಮೇಲೆ ಡೋಲಿನ ಮಾತನ್ನು ಎತ್ತದೆ ಇರಲಾಗದು. ತುಳುನಾಡಿನಲ್ಲಿ ಡೋಲು ಕೊರಗರ ವಾದ್ಯ. ಗುಡಿಯ ಉತ್ಸವಕ್ಕೆ, ಕಂಬಳಕ್ಕೆ, ಊರಿನ ಸಂಭ್ರಮಗಳಿಗೆಲ್ಲ ಡೋಲು ಬಾರಿಸುವುದು ಅವರ ಪಾಲಿಗೆ ಬಂದ ಕಡ್ಡಾಯದ ಊಳಿಗವಾಗಿತ್ತು. ಡೋಲಿನ ಸದ್ದು ಗುಡಿಯೊಳಗೆ ಕೇಳಬೇಕು, ಡೋಲು ಹಿಡಿದವನು ಮಾತ್ರ ಬಹುದೂರದಲ್ಲಿ ನಿಲ್ಲಬೇಕು. ಕೂಲಿಯೆಂಬುದು ಇರಲಿಲ್ಲ, ಎಂಜಲೆಲೆಯ ಅನ್ನವೇ ಕೂಲಿಯಾಗುತ್ತಿತ್ತು. ಇದಕ್ಕೆ ಅಜಲು ಎಂದು ಹೆಸರು. ಕೂದಲು, ಉಗುರುಗಳನ್ನು ಬೆರಸಿದ ಅನ್ನವನ್ನು ಅವರಿಗೆ ತಿನ್ನಿಸಿ ತಮ್ಮ ರೋಗರುಜಿನಗಳು ಅವರಿಗೆ ದಾಟಿದುವೆಂದು ಸಮಾಧಾನಪಟ್ಟುಕೊಂಡ ಮನೆಗಳೂ ಇದ್ದುವು. ಇಂಥ ಅನ್ನವನ್ನು ಉಣಬಡಿಸಿದವರ ಮನೆಗಳಲ್ಲಿಯೂ ನಿತ್ಯ ದೇವರ ಪೂಜೆ ನಡೆಯುತ್ತಿತ್ತೆಂಬುದನ್ನು ಇತಿಹಾಸವು ಮರೆಮಾಡಬಾರದು.

ಇದೇ ಕೊರಗರ ವಿಷಯವಾಗಿ ಒಂದು ವಿಚಿತ್ರವಾದ ಐತಿಹ್ಯವುಂಟು. ೧೮೦೧ರಲ್ಲಿ ಈ ಜಿಲ್ಲೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ನನು ಅದನ್ನು ಕೇಳಿ ಬರೆದುಕೊಂಡನು. ಹುಬಾಶಿಕನೆಂಬ ಕೊರಗರ ಅರಸನು ಮಯೂರವರ್ಮನ ವಂಶದವರನ್ನು ಓಡಿಸಿ ತುಳುವದೇಶವನ್ನು ಹನ್ನೆರಡು ವರ್ಷ ಆಳಿದನಂತೆ. ಐತಿಹ್ಯವು ಶಾಸನವಲ್ಲ, ಆದರೂ ಊರ ಹೊರಗೆ ಡೋಲು ಹಿಡಿದು ನಿಂತವನನ್ನು ಕುರಿತು, ಇವನು ಒಮ್ಮೆ ಅರಸನಾಗಿದ್ದನೆಂದು ಊರವರೇ ಹೇಳುತ್ತಿದ್ದರೆಂದರೆ, ತಾವು ಮಾಡಿದುದು ಅವರ ಮನಸ್ಸಿನ ಒಂದು ಮೂಲೆಯಲ್ಲಿ ಚುಚ್ಚುತ್ತಿದ್ದಿರಬೇಕು.

ಚುಚ್ಚಿದರೂ ಹಬ್ಬದ ಬೀದಿಯಲ್ಲಿ ಅದು ಕಾಣಲಿಲ್ಲ. ನವರಾತ್ರಿಯ ವೇಷಗಳಲ್ಲಿ ಹುಲಿಯ ಸಂಗಡ ಕರಡಿ, ಸಿಂಹ ಮೊದಲಾದುವಿರುತ್ತಿದ್ದಂತೆ ಕೊರಗವೇಷವೆಂಬುದೂ ಒಂದಿತ್ತು. ಬೇರೆ ಜಾತಿಯವರು ಮೈಗೆ ಮಸಿ ಬಳಿದುಕೊಂಡು, ಕೊರಗರ ನಡೆನುಡಿಗಳನ್ನು ಅಣಕಿಸುತ್ತ, ಮನೆಮನೆಯ ಮುಂದೆ ಬೇಡುವರು. ಇದನ್ನೂ ಹರಕೆಯೆಂದೇ ಹೇಳುತ್ತಿದ್ದರು. ಹುಲಿವೇಷ ಹಾಕಿದವನು ಹುಲಿಯ ಬಲವನ್ನು ತನ್ನ ಮೈಗೆ ಆವಾಹನೆ ಮಾಡಿಕೊಳ್ಳುವನು. ಅದರಲ್ಲಿ ಹುಲಿಗೆ ಗೌರವವುಂಟು. ಕೊರಗವೇಷದಲ್ಲಿ ಮನುಷ್ಯನಿಗೆ ಹುಲಿಗಿದ್ದಷ್ಟು ಗೌರವವೂ ಇರಲಿಲ್ಲ. ಒಂದೇ ಬೀದಿಯಲ್ಲಿ, ಒಂದೇ ದಿನ, ಮೃಗವು ಪೂಜೆಗೊಂಡಿತು, ಮನುಷ್ಯನು ನಗೆಗೀಡಾದನು. ಡೋಲು ಬಾರಿಸುತ್ತಿದ್ದ ಕೊರಗನು ತನ್ನ ಅಣಕವನ್ನು ತಾನೇ ನೋಡುತ್ತ ನಿಂತನು.

ಈ ಸ್ಥಿತಿಯು ತಾನಾಗಿ ಬದಲಾಗಲಿಲ್ಲ. ಕುದ್ಮುಲ್ ರಂಗರಾಯರು ೧೮೯೭ರಲ್ಲಿ ಮಂಗಳೂರಿನಲ್ಲಿ ದಲಿತವರ್ಗಗಳ ಮಿಶನ್ನನ್ನು ಸ್ಥಾಪಿಸಿ, ಶಾಲೆಗಳನ್ನು ತೆರೆದು, ತಮ್ಮವರಿಂದಲೇ ಬಹಿಷ್ಕಾರವನ್ನೂ ನಿಂದೆಯನ್ನೂ ತಿಂದು, ೧೯೨೮ರಲ್ಲಿ ತೀರಿಕೊಳ್ಳುವ ವರೆಗೂ ಆ ಕೆಲಸವನ್ನು ಬಿಡಲಿಲ್ಲ. ಕಾನೂನು ಬಂದುದು ಬಹಳ ತಡವಾಗಿ. ಅಜಲು ಪದ್ಧತಿಯನ್ನು ನಿಷೇಧಿಸುವ ಕರ್ನಾಟಕ ಸರಕಾರದ ಅಧಿನಿಯಮವು ೨೦೦೦ದ ಇಸವಿಯದು. ರಂಗರಾಯರ ಮಿಶನ್ನಿಗೂ ಈ ಅಧಿನಿಯಮಕ್ಕೂ ನಡುವೆ ನೂರು ನವರಾತ್ರಿಗಳು ಕಳೆದಿದ್ದುವು. ಕೊರಗವೇಷವನ್ನು ಕೊರಗರ ಸಂಘಗಳು ಬಹಿರಂಗವಾಗಿ ವಿರೋಧಿಸಿದ ಮೇಲೆ ಅದು ಬೀದಿಯಿಂದ ಹಿಂದೆಗೆಯಿತು. ಇತ್ತ ಡೋಲನ್ನು ಬಿಟ್ಟೇ ಬಿಡಬೇಕೆಂಬ ತರುಣರೂ, ಅವಮಾನವನ್ನು ಬಿಟ್ಟು ವಾದ್ಯವನ್ನು ಉಳಿಸಿಕೊಳ್ಳಬೇಕೆಂಬವರೂ ಆ ಸಮಾಜದಲ್ಲಿಯೇ ಇರುವರು. ಈ ಚರ್ಚೆಯನ್ನು ತೀರ್ಮಾನಿಸುವ ಹಕ್ಕು ಅವರದೇ. ಹೊರಗಿನ ಕಲಾಭಿಮಾನಿಗಳು ಡೋಲಿನ ಸೊಗಸನ್ನು ಹೊಗಳಿ ಅದರ ಹೊರೆಯನ್ನು ಮತ್ತೆ ಅವರ ಕೊರಳಿಗೆ ಕಟ್ಟುವುದು ಯುಕ್ತವಲ್ಲ.

ಕುದ್ರೋಳಿಯ ಕಥೆಯೂ ಇದೇ ಕಾಲದ್ದು. ಗುಡಿಗಳ ಬಾಗಿಲು ತಮಗೆ ಮುಚ್ಚಿದ್ದುದರಿಂದ ಬಿಲ್ಲವ ಸಮಾಜದ ಮುಖಂಡರು, ಹೊಯಿಗೆಬಜಾರಿನ ಕೊರಗಪ್ಪನವರನ್ನು ಮುಂದಿಟ್ಟುಕೊಂಡು, ಕೇರಳದ ನಾರಾಯಣ ಗುರುಗಳನ್ನು ಬೇಡಿಕೊಂಡರು. ಗುರುಗಳು ೧೯೦೮ರಲ್ಲಿ ಮಂಗಳೂರಿಗೆ ಬಂದು ಸ್ಥಳವನ್ನು ನೋಡಿ, ೧೯೧೨ರ ಫೆಬ್ರವರಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಿಸಿದರು. ೧೯೯೧ರಲ್ಲಿ ಗುಡಿಯು ನವೀಕೃತವಾಗಿ ರಾಜೀವ ಗಾಂಧಿಯವರಿಂದ ಉದ್ಘಾಟನೆಗೊಂಡ ತರುವಾಯ ಅಲ್ಲಿಯ ದಸರೆಯು ಪಟ್ಟಣದ ದಸ‌ರೆಯೇ ಆಗಿ ಬೆಳೆಯಿತು. ನವದುರ್ಗೆಯರ ಮತ್ತು ಶಾರದೆಯ ಮೃಣ್ಮೂರ್ತಿಗಳು ವಿಜಯದಶಮಿಯ ಸಂಜೆ ಗುಡಿಯಿಂದ ಹೊರಟು, ಲಾಲಬಾಗು, ಹಂಪನಕಟ್ಟೆ, ರಥಬೀದಿಗಳನ್ನು ಸುತ್ತಿ, ಇರುಳೆಲ್ಲ ಸಾಗಿ, ಮರುದಿನ ಬೆಳಗಿಗೆ ಹಿಂದಿರುಗುವುವು. ಮುಂದೆ ಹುಲಿವೇಷದ ಮೇಳಗಳು, ಕೇರಳದ ಚೆಂಡೆಗಳು, ಬಣ್ಣದ ಕೊಡೆಗಳು, ಬ್ಯಾಂಡುಗಳು. ಸಮುದ್ರವು ಕೂಗಳತೆಯಲ್ಲಿದ್ದರೂ ಮೂರ್ತಿಗಳನ್ನು ಅದರಲ್ಲಿ ಬಿಡುವುದಿಲ್ಲ. ಗುಡಿಯ ಪುಷ್ಕರಿಣಿಯಲ್ಲಿಯೇ ವಿಸರ್ಜಿಸುವರು. ಯಾರನ್ನು ರಥಬೀದಿಯ ಗುಡಿಯೊಳಗೆ ಬಿಡುತ್ತಿರಲಿಲ್ಲವೋ ಅವರ ದೇವರುಗಳು ರಥಬೀದಿಯಲ್ಲಿಯೇ ಮೆರೆಯುವುದನ್ನು ಕಾಣಲು ಕೊರಗಪ್ಪನವರ ಪೀಳಿಗೆಯು ಉಳಿದಿರಲಿಲ್ಲ.

ಬೀದಿಯ ವಾದ್ಯಗಳೆಲ್ಲ ಬೀದಿಯಲ್ಲಿಯೇ ಉಳಿಯುವುವೆಂದಿಲ್ಲ. ಬಂಟ್ವಾಳದ ಸೀಮೆಯ ನಾಗಸ್ವರ ವಿದ್ವಾಂಸರೊಬ್ಬರ ಮಗನು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮರುಳಾಗಿ, ಅದರ ಬೆಣೆಗಳನ್ನು ತಿದ್ದಿಕೊಂಡು, ಕರ್ಣಾಟಕ ಸಂಗೀತದ ಗಮಕಗಳನ್ನು ಅದರಿಂದ ಹೊರಡಿಸಿದುದು ಈಗ ಸಂಗೀತದ ಚರಿತ್ರೆ. ಕದ್ರಿ ಗೋಪಾಲನಾಥರು (೧೯೪೯–೨೦೧೯) ಮದರಾಸಿನ ಸಭೆಗಳಲ್ಲಿ ಕುಳಿತು ಆ ಮೆರವಣಿಗೆಯ ವಾದ್ಯಕ್ಕೆ ಕಚೇರಿಯ ಮರ್ಯಾದೆಯನ್ನು ತಂದರು. ತಾಸೆಗೆ ಅಂಥ ಮರ್ಯಾದೆಯು ಬಂದಿಲ್ಲ. ಬರಬೇಕೆಂದು ಅದನ್ನು ಬಾರಿಸುವವರು ಕೇಳಿದಂತೆಯೂ ಇಲ್ಲ.

ಹುಲಿಯಾದರೋ ಈಗ ರಂಗಸ್ಥಳವನ್ನು ಏರಿದೆ. ೨೦೧೪ರ ಮತ್ತು ೨೦೨೧ರ ಎರಡು ಕನ್ನಡ ಚಲಚ್ಚಿತ್ರಗಳು ಅದನ್ನು ಘಟ್ಟದ ಮೇಲಿನ ಊರುಗಳಿಗೂ ಪರಿಚಯಿಸಿದುವು. ಮೇಳಗಳಿಗೆ ಪಂದ್ಯಗಳು ನಡೆಯುತ್ತವೆ; ಮುಡಿಯೆಸೆತಕ್ಕೆ ಬಹುಮಾನಗಳುಂಟು; ಹೆಂಗಸರೂ ಹುಲಿಬಣ್ಣ ಹಚ್ಚಿಕೊಂಡು ಕುಣಿದಿರುವರು. ತೀರ್ಪುಗಾರರ ಮುಂದೆ ಕುಣಿಯುವ ಹುಲಿಯು ಲಾಗಗಳನ್ನು ಹೆಚ್ಚಾಗಿ ಹಾಕುವುದು, ಹೊಂಚುವುದನ್ನು ಕಡಮೆ ಮಾಡುವುದು. ಹೊಂಚುವುದಕ್ಕೆ ಹೊತ್ತು ಬೇಕು, ಪಂದ್ಯದಲ್ಲಿ ಹೊತ್ತಿಗೆ ಮಿತಿಯುಂಟು. ಹಳಬರು ಇದನ್ನು ಕುರಿತು ಗೊಣಗುವುದರಲ್ಲಿ ನ್ಯಾಯವಿಲ್ಲದಿಲ್ಲ. ಆದರೆ ಅಂಗಡಿಯ ಮುಂದೆ ಕುಣಿದು ಚಿಲ್ಲರೆಗೆ ಕೈಯೊಡ್ಡುತ್ತಿದ್ದ ಹುಡುಗನಿಗೆ ಈಗ ವೇದಿಕೆಯ ಮೇಲೆ ಹೆಸರು ಹಿಡಿದು ಕರೆಯುವರೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ದಶಮಿ ಕಳೆದ ಬೆಳಗ್ಗೆ ಮೇಳದವರು ಹುಲಿಯ ಮುಖವನ್ನು ಕಳಚಿಡುವರು. ಬಣ್ಣವು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಎಣ್ಣೆಬಣ್ಣ ಬಳಿದವರು ಸೀಮೆಯೆಣ್ಣೆಯನ್ನು ಹಚ್ಚಿ ಉಜ್ಜಿ, ಉರಿಗೆ ತೆಂಗಿನೆಣ್ಣೆಯನ್ನು ಲೇಪಿಸಿಕೊಂಡು, ಎರಡು ಮೂರು ದಿನ ಬಿಸಿನೀರಿನಲ್ಲಿ ಮಿಂದರೂ ಕಿವಿಯ ಹಿಂದೆ, ಉಗುರ ಸಂದಿನಲ್ಲಿ ಹಳದಿಯು ಉಳಿದಿರುವುದು. ಹಳೆಯ ಬಂದರಿನ ಧಕ್ಕೆಯಲ್ಲಿ ಆ ವಾರವೆಲ್ಲ ಮೀನಿನ ಬುಟ್ಟಿಯನ್ನೋ ಸಿಮೆಂಟಿನ ಚೀಲವನ್ನೋ ಇಳಿಸುತ್ತಿರುವವರ ಕತ್ತಿನಲ್ಲಿ ಒಂದೆರಡು ಕಪ್ಪು ಪಟ್ಟೆಗಳು ಕಂಡರೆ, ಅವನು ಯಾವ ಓಣಿಯ ಮೇಳದವನೆಂದು ಜತೆಯವರು ಕೇಳುವರು.